ಸಾಲು ಹಿಡಿದ ಉರುಳುಮುಳ್ಳು

ನಮ್ಮ ಪೂರ್ವ ಕೊಲರಾಡೊದ ಬಯಲಿನಲ್ಲಿ, ಬೇಲಿಗೆ ಬಂದು ಬಿದ್ದ ಉರುಳುಮುಳ್ಳು ಯಾರದು ಎಂಬ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿಲ್ಲ, ರೂಢಿಯಲ್ಲಿದೆ. ಯಾರ ಹೊಲದಲ್ಲಿ ಬೆಳೆದು ಉರುಳಿ ಬಂತೋ ಮುಳ್ಳು ಅವರದು. ನವೆಂಬರಿನ ಮೊದಲ ದೊಡ್ಡ ಗಾಳಿ ಬೀಸಿ ನಿಂತ ಮೇಲೆ ಮೇಲ್ಗಾಳಿಯ, ಅಂದರೆ ಗಾಳಿ ಬರುವ ದಿಕ್ಕಿನ, ಹೊಲದವರು ಕವೆಗೋಲು ಹಿಡಿದು ಕೆಳಗಾಳಿಯವರ ಬೇಲಿಗೆ ಬರಬೇಕು. ಯಾರೂ ಕರೆಯುವುದಿಲ್ಲ, ಕರೆದರೆ ಅದು ಬೈದಂತೆ. ಬಾರದವರ ಜೊತೆ ಮಾತು ಬಿಡುತ್ತಾರೆ. ಮುಳ್ಳನ್ನು ತಂತಿಯಿಂದ ಬಿಡಿಸಿ, ರಾಶಿ ಹಾಕಿ, ಗಾಳಿ ಬಿದ್ದ ಹೊತ್ತು ನೋಡಿ ಸುಡುವುದು. ಸುಮ್ಮನೆ ಬಿಟ್ಟರೆ ರಾಶಿಯೊಳಗೆ ಮಣ್ಣು ಕೂತು ಬೇಲಿಯೇ ಹೂತುಹೋಗುತ್ತದೆ, ದನಗಳು ಅದರ ಮೇಲೆ ನಡೆದುಕೊಂಡು ಆಚೆಗೆ ಹೋಗುತ್ತವೆ.

ಈ ಮುಳ್ಳೇನು ಈ ನೆಲದ್ದಲ್ಲ. ನಮ್ಮ ಅಜ್ಜಂದಿರು ರಷ್ಯಾದ ಬಯಲು ಬಿಟ್ಟು ಬಂದ ಕಾಲದಲ್ಲಿ ಅಗಸೆ ಬೀಜದ ಚೀಲಗಳಲ್ಲಿ ಬೆರೆತು ಬಂದದ್ದು. ಅಜ್ಜಂದಿರು ಒಂದು ಕಡೆ ನೆಲೆ ನಿಂತರು, ಇದು ನಿಲ್ಲಲಿಲ್ಲ. ಬೇಸಿಗೆಯಲ್ಲಿ ಹಸಿರಾಗಿ ಸಾಧುವಾಗಿ ಬೆಳೆಯುತ್ತದೆ. ಹಿಮ ಬಿದ್ದ ಮೇಲೆ ಒಣಗಿ, ಬುಡದಲ್ಲಿ ತಾನೇ ಮುರಿದುಕೊಂಡು, ಉರುಳಲು ಶುರು ಮಾಡುತ್ತದೆ. ಒಂದೊಂದು ಗಿಡದಲ್ಲಿ ಎರಡು ಲಕ್ಷ ಬೀಜ. ಉರುಳಿದಷ್ಟು ದೂರವೂ ಚೆಲ್ಲಿಕೊಂಡು ಹೋಗುತ್ತದೆ. ಸಡಿಲ ಮಣ್ಣು ಸಿಕ್ಕರೆ ಸಾಕು, ನಾಲ್ಕು ಹನಿ ಮಳೆಗೆ ಮೊಳೆಯುತ್ತದೆ.

ಲೀಲಂಡ್ ಕೌಟ್ಸ್ ಕೆಳಗಾಳಿಯವನು. ಐವತ್ತೆಂಟು ವರ್ಷ, ಮದುವೆಯಾಗಿಲ್ಲ. ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ ಗೋಧಿಯ ಮಾತು ತೆಗೆಯುತ್ತಾನೆ. ಅವನ ಹೊಲದ ವಾಯುವ್ಯಕ್ಕೆ ಆರ್ಡಿತ್ ಶ್ಲೇಗಲ್‌ಳ ಹೊಲ, ನಡುವೆ ಅರ್ಧ ಮೈಲಿ ಬೇಲಿ. ಅವಳ ಗಂಡ ಕ್ಲೆಮ್ ಇದ್ದಾಗ ಬೇಲಿ ಕೆಲಸಕ್ಕೆ ಕ್ಲೆಮ್ ಬರುತ್ತಿದ್ದ, ಇಬ್ಬರ ಪಾಲಿನ ಮಾತನ್ನೂ ಅವನೇ ಆಡುತ್ತಿದ್ದ. ಏಳು ವರ್ಷದ ಹಿಂದೆ ಕ್ಲೆಮ್ ಎದೆನೋವಿನಿಂದ ತೀರಿಕೊಂಡ. ಆ ನವೆಂಬರಿನಲ್ಲಿ ಇನ್ಯಾರು ಬರುತ್ತಾರೆ ಎಂದುಕೊಂಡು ಲೀಲಂಡ್ ಒಬ್ಬನೇ ಮುಳ್ಳು ಬಿಡಿಸುತ್ತಿದ್ದಾಗ ಶ್ಲೇಗಲ್‌ರ ಪಿಕಪ್ ಬಂದು ನಿಂತಿತು. ಆರ್ಡಿತ್ ಇಳಿದಳು, ಕೈಯಲ್ಲಿ ಗಂಡನ ಅಳತೆಯ ದೊಡ್ಡ ಕೈಗವಸು. ಅಲ್ಲಿಂದ ಪ್ರತಿ ವರ್ಷ ಬಂದಳು. ಎರಡು ದಿನದ ಕೆಲಸ.

ಲೀಲಂಡ್ ಒಂಟಿ. ಇದನ್ನು ಸುತ್ತಿ ಬಳಸಿ ಹೇಳುವುದೇನಿದೆ? ಬೆಳಿಗ್ಗೆ ರೇಡಿಯೊದವನು ಹವಾಮಾನ ಹೇಳಿದರೆ "ಹೌದಾ?" ಎಂದು ಉತ್ತರ ಕೊಡುತ್ತಿದ್ದ. ಊರ ಧಾನ್ಯದ ಗೋದಾಮಿಗೆ ಹೋದರೆ ತೂಕದವನ ಜೊತೆ ಒಂದು ಕಪ್ ಕಾಫಿ, ಭಾನುವಾರ ಚರ್ಚಿನ ಬಾಗಿಲಲ್ಲಿ ಒಂದು ಕೈಕುಲುಕು. ವರ್ಷದಲ್ಲಿ ಇನ್ನೊಬ್ಬರ ಪಕ್ಕ ನಿಂತು, ಅವರ ಉಸಿರು ಕೇಳುವಷ್ಟು ಹತ್ತಿರದಲ್ಲಿ ಕೆಲಸ ಮಾಡುವುದು ಆ ಎರಡು ದಿನ ಮಾತ್ರ. ಅಕ್ಟೋಬರ್ ಬಂತೆಂದರೆ ಊರೆಲ್ಲ ಗಾಳಿಯನ್ನು ಬೈಯುತ್ತಿತ್ತು, ಲೀಲಂಡ್ ಒಬ್ಬ ಅದರ ದಾರಿ ಕಾಯುತ್ತಿದ್ದ.

ಸಾವಿರದ ಒಂಬೈನೂರ ಎಂಬತ್ತೇಳರ ನವೆಂಬರಿನಲ್ಲೂ ಆರ್ಡಿತ್ ಬಂದಳು. ಇಳಿಯುತ್ತಲೇ ಶುರು ಮಾಡಿದಳು.

"ಏನೋ, ಈ ವರ್ಷ ಬೇಲೀನೇ ನುಂಗಿ ಹಾಕಿಬಿಟ್ಟಿದೀಯಲ್ಲೋ!"

"ನುಂಗಿದ್ದು ನಾನಲ್ಲ. ನಿನ್ನ ಮುಳ್ಳು."

"ನನ್ನ ಮುಳ್ಳಾ? ಅದರ ಮೇಲೆ ನನ್ನ ಹೆಸರು ಬರೆದಿದೆಯಾ?"

"ನಿನ್ನ ಹಾಗೇ ಚುಚ್ಚುತ್ತೆ. ಹೆಸರು ಬೇರೆ ಯಾಕೆ?"

ಇದು ಏಳು ವರ್ಷದಿಂದ ನಡೆದು ಬಂದ ಮಾತು. ಒಂದೇ ಕೋಣೆಯ ಶಾಲೆಯಲ್ಲಿ ಅವಳು ಅವನಿಗಿಂತ ಎರಡು ತರಗತಿ ಮುಂದಿದ್ದವಳು, ಹಾಗಾಗಿ ಅವನ ಮೇಲೆ ಜೋರು ಮಾಡುವ ಹಕ್ಕು ಅವಳಿಗಿತ್ತು, ಅವನಿಗೂ ಅದು ಬೇಕಿತ್ತು. ಮಧ್ಯಾಹ್ನದವರೆಗೆ ಎಳೆದರು, ಗುಡ್ಡೆ ಹಾಕಿದರು. ಆಮೇಲೆ ಪಿಕಪ್‌ನ ಹಿಂಬದಿಯಲ್ಲಿ ಕಾಲು ಇಳಿಬಿಟ್ಟು ಕೂತರು. ಅವಳು ಟವೆಲ್ಲಿನಲ್ಲಿ ಸುತ್ತಿ ತಂದ ಬೀರಾಕ್ ಇನ್ನೂ ಬಿಸಿಯಿತ್ತು. ಎಲೆಕೋಸು, ಈರುಳ್ಳಿ, ದನದ ಮಾಂಸ ಒಳಗೆ ತುಂಬಿ ಬೇಯಿಸಿದ ಬನ್ನು. ಲೀಲಂಡ್ ಎರಡು ತಿಂದು ಮೂರನೆಯದನ್ನು ನೋಡುತ್ತಿದ್ದ.

"ತಗೋ, ನಾಚಿಕೆ ಬೇಡ," ಎಂದಳು ಆರ್ಡಿತ್. "ಬರೋ ವರ್ಷದಿಂದ ನಿಂಗೆ ಈ ತಾಪತ್ರಯ ಇರಲ್ಲ ಕಣೋ."

"ಯಾಕೆ, ಗಾಳೀನ ನಿಲ್ಲಿಸ್ತೀಯಾ?"

"ಹೊಲ ಪೂರ್ತಿ ಹುಲ್ಲಿಗೆ ಹಾಕ್ತಿದೀನಿ. ಬೆಳೆ ಬಿಟ್ಟು ಹುಲ್ಲು ಹಾಕಿದ್ರೆ ದುಡ್ಡು ಕೊಡೋ ಸರ್ಕಾರದ ಹತ್ತು ವರ್ಷದ ಯೋಜನೆ ಇದೆಯಲ್ಲ, ಅದಕ್ಕೆ ಬರೆದುಕೊಟ್ಟೆ. ಬರೋ ವಾರ ಬಿತ್ತೋರು ಬರ್ತಾರೆ."

"ಗೋಧಿ?"

"ಸಾಕಾಯ್ತು ಮಾರಾಯ. ಮಾರ್ಚ್ ಬಂದ್ರೆ ನನ್ನ ಹೊಲದ ಮಣ್ಣು ಕಿಟಕಿ ಸಂದೀಲಿ ತೂರಿ ಬಂದು ಊಟದ ತಟ್ಟೆ ಮೇಲೆ ಕೂರುತ್ತೆ. ನನ್ನ ಹೊಲ ಎದ್ದು ಓಡಾಡ್ದೆ ಸುಮ್ನೆ ಮಲಗಿರೋದನ್ನ ಒಂದ್ಸಲ ನೋಡಿ ಸಾಯ್ಬೇಕು ನಾನು. ಒಂದು ಬೇಸಿಗೆ ಹುಲ್ಲು ಹಿಡಿದ್ರೆ ಸಾಕು, ಆಮೇಲೆ ಮುಳ್ಳಿಗೆ ಬೇರು ಬಿಡೋಕೆ ಜಾಗ ಇರಲ್ಲ. ನಂಗೂ ನಿನ್ನ ಬೇಲಿಗೆ ಬರೋ ಕೆಲಸ ಇರಲ್ಲ."

ಇಷ್ಟು ಹೇಳಿ ಅವಳು ಅವನ ಮುಖ ನೋಡಿದಳು. ಅವನು ಕೈಯಲ್ಲಿದ್ದ ಬನ್ನು ನೋಡಿದ. ಮುಳ್ಳು ಇಲ್ಲದಿದ್ದರೂ ಬಾ ಎಂಬ ಮಾತು ಗಂಟಲವರೆಗೆ ಬಂತು. ಆದರೆ ನಮ್ಮ ಕಡೆಯ ಗಂಡಸರಿಗೆ ಕಾರಣವಿಲ್ಲದೆ ಒಬ್ಬರ ಮನೆಗೆ ಹೋಗಲೂ ಬರುವುದಿಲ್ಲ, ಒಬ್ಬರನ್ನು ಕರೆಯಲೂ ಬರುವುದಿಲ್ಲ. ಹಸು ಕರು ಹಾಕಬೇಕು, ಪಂಪು ಕೆಡಬೇಕು, ಇಲ್ಲವೇ ಯಾರಾದರೂ ಸಾಯಬೇಕು.

"ಒಳ್ಳೇದಾಯ್ತು," ಎಂದ.

"ಒಳ್ಳೇದಾಯ್ತಾ?"

"ಹೂಂ. ಹುಲ್ಲು ಒಳ್ಳೇದೇ ಅಲ್ವಾ."

ಆರ್ಡಿತ್ ಟವೆಲ್ ಮಡಚಿಕೊಂಡು ಕೆಳಗಿಳಿದಳು. ಮರುದಿನ ಸಂಜೆ ರಾಶಿಗಳಿಗೆ ಬೆಂಕಿ ಇಟ್ಟಾಗ ಪ್ರತಿ ವರ್ಷದಷ್ಟು ಮಾತಿರಲಿಲ್ಲ. ಮುಳ್ಳು ಚಟಪಟ ಸಿಡಿದು ನಿಮಿಷದಲ್ಲಿ ಬೂದಿಯಾಯಿತು. ಅವಳು "ಆಯ್ತಲ್ಲ" ಎಂದು ಹೊರಟುಹೋದಳು.

ಆ ಚಳಿಗಾಲ ಲೀಲಂಡ್‌ಗೆ ತುಂಬ ಉದ್ದವಾಯಿತು. ಕಿಟಕಿಯಿಂದ ನೋಡಿದರೆ ಒಂದೂವರೆ ಮೈಲಿ ಆಚೆ ಅವಳ ಮನೆಯ ಹೊಗೆ ಕಾಣುತ್ತಿತ್ತು. ಹತ್ತು ನಿಮಿಷದ ದಾರಿ. ಕ್ರಿಸ್ಮಸ್ಸಿಗೆ ಒಂದು ಡಬ್ಬಿ ಜೇನು ಕೊಂಡಿಟ್ಟುಕೊಂಡ, ಕೊಡಲು ಹೋಗಲಿಲ್ಲ, ತಾನೇ ತಿಂದ. ಬರುವ ನವೆಂಬರಿನಲ್ಲಿ ಬೇಲಿ ಖಾಲಿ ಇರುತ್ತದೆ, ಆ ಖಾಲಿ ಬೇಲಿಯ ಪಕ್ಕ ತಾನೊಬ್ಬನೇ ನಿಂತಿರುತ್ತೇನೆ ಎಂಬ ಯೋಚನೆ ತಲೆಗೆ ಹೊಕ್ಕಿದ್ದು ಹೊರಡಲೇ ಇಲ್ಲ. ಅಂಥ ಯೋಚನೆಯನ್ನು ಒಬ್ಬನೇ ಕೂತು ಮೂರು ತಿಂಗಳು ಬೇಯಿಸಿದರೆ ಎಂಥ ಒಳ್ಳೆಯವನ ತಲೆಯೂ ಕೆಡುತ್ತದೆ.

ಫೆಬ್ರವರಿಯ ಕೊನೆಯಲ್ಲಿ ನಾಲ್ಕು ದಿನ ಬಿಸಿಲು ಬಂದು ಮೇಲ್ಮಣ್ಣು ಸಡಿಲವಾಯಿತು. ಆ ಭಾನುವಾರ ಚರ್ಚಿನಲ್ಲಿ ಆರ್ಡಿತ್ ತಂಗಿಯ ಊರಿಗೆ ಹೋಗಿದ್ದಾಳೆ ಎಂದು ಯಾರೋ ಅಂದರು. ಲೀಲಂಡ್ ಮನೆಗೆ ಬಂದು, ಚರ್ಚಿನ ಅಂಗಿಯನ್ನೂ ಬದಲಿಸದೆ, ಯಂತ್ರದ ಕೊಟ್ಟಿಗೆಯ ಹಿಂದೆ ಹೋದ. ಗಾಳಿ ಅಲ್ಲಿ ಆರು ಉರುಳುಮುಳ್ಳುಗಳನ್ನು ಒತ್ತಿ ಇಟ್ಟಿತ್ತು, ಒಂದೊಂದೂ ಎದೆಯೆತ್ತರ. ಅವುಗಳನ್ನು ಹುಲ್ಲುಕಂತೆಯ ಹಗ್ಗದಲ್ಲಿ ಒಂದರ ಹಿಂದೆ ಒಂದು ಪೋಣಿಸಿ ಪಿಕಪ್‌ನ ಹಿಂದೆ ಕಟ್ಟಿದ.

ಗೋಧಿ ಬೆಳೆಯುವವನು ಮುಳ್ಳು ಬಿತ್ತುವುದೆಂದರೆ ಏನೆಂದು ಅವನಿಗೆ ಗೊತ್ತಿಲ್ಲದಿರಲಿಲ್ಲ. ನಮ್ಮಲ್ಲಿ ಕುಡುಕನನ್ನು ಕ್ಷಮಿಸುತ್ತಾರೆ, ಸುಳ್ಳುಗಾರನನ್ನೂ ಕ್ಷಮಿಸುತ್ತಾರೆ, ಇದನ್ನು ಕ್ಷಮಿಸಿದ್ದನ್ನು ನಾನು ಕಂಡಿಲ್ಲ. ಆದರೂ ಬೇಲಿ ಮೂಲೆಯ ಗೇಟು ತೆಗೆದು ಅವಳ ಹೊಲಕ್ಕೆ ಗಾಡಿ ನುಗ್ಗಿಸಿದ. ನುಗ್ಗಿಸಿ, ಇಳಿದು ಬಂದು ಗೇಟು ಹಾಕಿದ. ಪಾಪ ಮಾಡಲು ಹೊರಟವನೂ ನಮ್ಮ ಕಡೆ ಗೇಟು ತೆರೆದಿಟ್ಟು ಹೋಗುವುದಿಲ್ಲ. ಬರೀ ಬೇಲಿ ಪಕ್ಕ ಒಂದಿಷ್ಟು ಎಂದು ತನಗೆ ತಾನೇ ಹೇಳಿಕೊಂಡ. ಹಿಂದಿನಿಂದ ಮುಳ್ಳು ಕರಕರ ಎನ್ನುತ್ತ ಬೀಜ ಉದುರಿಸುತ್ತ ಬಂತು.

ಎಡವಟ್ಟಾದದ್ದು ಅಲ್ಲಿಯೇ. ನಲವತ್ತು ವರ್ಷ ಬಿತ್ತನೆ ಮಾಡಿದ ಕೈ ಅದು. ಸ್ಟೀರಿಂಗ್ ಹಿಡಿದರೆ ದೂರದ ಕಂಬವೊಂದಕ್ಕೆ ಕಣ್ಣು ನೆಟ್ಟು ನೇರ ಹೋಗುವುದೊಂದೇ ಅದಕ್ಕೆ ಗೊತ್ತು. ಹೊಲದ ಕೊನೆ ಮುಟ್ಟಿ, ತಿರುಗಿಸಿ, ಹತ್ತು ಹೆಜ್ಜೆ ಪಕ್ಕಕ್ಕೆ ಸರಿದು, ಮತ್ತೆ ನೇರವಾಗಿ ವಾಪಸ್ಸು. ಹೀಗೆ ಎಂಟು ಸಲ. ಕದ್ದು ಮಾಡಿದ ಕೆಲಸವನ್ನೂ ಅವನು ಅಚ್ಚುಕಟ್ಟಾಗಿ ಮಾಡಿದ. ಮನೆಗೆ ಬಂದ ಮೇಲೂ ಸಾಲಿನ ಯೋಚನೆ ಅವನಿಗೆ ಬರಲೇ ಇಲ್ಲ.

ಏಪ್ರಿಲ್ ಕೊನೆಯಲ್ಲಿ ಮಳೆಯಾಯಿತು. ಮೇ ತಿಂಗಳ ನಡುವೆ ಲೀಲಂಡ್ ಗೋದಾಮಿಗೆ ಹೋದಾಗ ತೂಕದ ಮರ್ಲ್ ಕಾಫಿ ಸುರಿಯುತ್ತ ಕಣ್ಣು ಮಿಟುಕಿಸಿದ. ಮರ್ಲ್ ಬಾಯಿಗೆ ಬಿದ್ದ ಸುದ್ದಿ ಸಂಜೆಯೊಳಗೆ ಊರು ಸುತ್ತಿ ಬರುತ್ತದೆ.

"ಲೀಲಂಡಣ್ಣ, ಈ ವರ್ಷ ಗಾಳಿ ಟ್ರ್ಯಾಕ್ಟರ್ ಓಡಿಸೋದು ಕಲಿತಿದೆಯಂತೆ, ಕೇಳಿದ್ಯಾ?"

"ಏನು?"

"ಆರ್ಡಿತಕ್ಕನ ಹುಲ್ಲಿನ ಹೊಲದಲ್ಲಿ ಮುಳ್ಳು ಎದ್ದಿದೆ. ಅಲ್ಲಿ ಇಲ್ಲಿ ಅಲ್ಲ ಮಾರಾಯ, ಎಂಟು ಸಾಲು! ದಾರ ಹಿಡಿದ ಹಾಗೆ. ರಸ್ತೆಯಿಂದಲೇ ಕಾಣುತ್ತೆ. ಈ ತಾಲೂಕಲ್ಲಿ ಅಷ್ಟು ನೇರ ಬಿತ್ತೋರು ಯಾರಿದಾರಪ್ಪ ಅಂತ ನಾವೆಲ್ಲ ತಲೆ ಕೆಡಿಸ್ಕೊಂಡಿದೀವಿ."

"ಯಾರೋ ಕಿಡಿಗೇಡಿಗಳು," ಎಂದ ಲೀಲಂಡ್. ಕಾಫಿ ನೆತ್ತಿಗೆ ಹತ್ತಿತು.

"ನಿಧಾನ, ನಿಧಾನ," ಎಂದು ಮರ್ಲ್ ಅವನ ಬೆನ್ನು ತಟ್ಟಿದ.

ವಾಪಸ್ಸು ಬರುವಾಗ ಲೀಲಂಡ್ ರಸ್ತೆ ಬದಿಯಲ್ಲಿ ಗಾಡಿ ನಿಲ್ಲಿಸಿ ನೋಡಿದ. ಎರಡೆಲೆಯ ಹುಲ್ಲು ಮಣ್ಣಿನ ಮೇಲೆ ಕಂಡೂ ಕಾಣದಂತಿತ್ತು. ಅದರ ನಡುವೆ ಎಂಟು ಹಸಿರು ಗೆರೆಗಳು. ಹೊಲದ ನಡುವೆ ಆರ್ಡಿತ್ ಒಬ್ಬಳೇ ಬಗ್ಗಿ ಗುದ್ದಲಿಯಿಂದ ಕೊಚ್ಚುತ್ತಿದ್ದಳು. ಅರವತ್ತು ವರ್ಷದ ಹೆಂಗಸು. ನೋಡುತ್ತ ಕೂರಲು ಅವನಿಗೆ ಆಗಲಿಲ್ಲ. ಮನೆಗೆ ಹೋಗಿ ಗುದ್ದಲಿ ತಂದ.

"ಔಷಧಿ ಹೊಡೆಸಬಹುದಿತ್ತಲ್ಲ," ಎಂದ ಹತ್ತಿರ ಬಂದು.

"ಹುಲ್ಲಿಗೆ ಇನ್ನೂ ಎರಡೇ ಎಲೆ. ಮುಳ್ಳಿನ ಜೊತೆ ಅದೂ ಸಾಯುತ್ತೆ." ಅವಳು ತಲೆ ಎತ್ತಲಿಲ್ಲ. "ಬಂದ್ಯಲ್ಲ. ಆ ಕಡೆಯಿಂದ ಹಿಡಿ."

ಹತ್ತು ದಿನ ಇಬ್ಬರೂ ಕೊಚ್ಚಿದರು. ಬೆಳಿಗ್ಗೆ ಅವನು ಬರುವಷ್ಟರಲ್ಲಿ ಅವಳು ಇರುತ್ತಿದ್ದಳು. ಹತ್ತು ಗಂಟೆಗೆ ಥರ್ಮಾಸಿನ ಕಾಫಿ, ಮಧ್ಯಾಹ್ನ ಬ್ರೆಡ್ಡು, ಸಾಸೇಜು. ಅವನ ಜನ್ಮದಲ್ಲಿ ಅಷ್ಟು ದಿನ ಒಟ್ಟಿಗೆ ಒಬ್ಬರ ಪಕ್ಕ ಕೆಲಸ ಮಾಡಿರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಆದರೆ ಅವನು ಖುಷಿಯಾಗಿದ್ದ. ಬೆನ್ನು ಬಿದ್ದುಹೋಗುವ ಹಾಗಿದ್ದರೂ ಮನೆಗೆ ಹೋಗುವಾಗ ಸಿಳ್ಳೆ ಹಾಕುತ್ತಿದ್ದ. ಆಮೇಲೆ ಆ ಖುಷಿ ಎಲ್ಲಿಂದ ಬಂತೆಂದು ನೆನಪಾಗಿ ಸಿಳ್ಳೆ ನಿಲ್ಲುತ್ತಿತ್ತು.

ಆರನೆಯ ದಿನ ಆರ್ಡಿತ್ ಕಾಫಿ ಬಗ್ಗಿಸಿ ಕೊಡುತ್ತ ಕೇಳಿದಳು, "ನೆನಪಿದೆಯೇನೋ, ನೀನು ಮೂರನೇ ಕ್ಲಾಸಲ್ಲಿ ಟೀಚರ್ ಕುರ್ಚಿ ಮೇಲೆ ಮುಳ್ಳು ಇಟ್ಟಿದ್ದು?"

"ಹೂಂ."

"ಅವರು ಕೂರೋ ಮುಂಚೆ ನೀನೇ ಎದ್ದು ನಿಂತು, ಕೂರಬೇಡಿ, ನಾನು ಇಟ್ಟಿದೀನಿ ಅಂದ್ಬಿಟ್ಟೆ. ಕ್ಲಾಸಿಗೆ ಕ್ಲಾಸೇ ನಕ್ಕಿತು. ನಾನು ನಗಲಿಲ್ಲ."

"ಹೌದಾ?"

"ಆಗ ನಿಂಗೆ ಎಂಟು ವರ್ಷ," ಎಂದಳು ಆರ್ಡಿತ್. ಅವನು ಕಾಫಿ ಮುಗಿಸಿ, ಕಪ್ ಕೊಡವಿ, ಗುದ್ದಲಿ ಎತ್ತಿಕೊಂಡ.

ಹತ್ತನೆಯ ದಿನ ಮಧ್ಯಾಹ್ನ ಏಳನೆಯ ಸಾಲು ಮುಗಿಯಿತು. ಒಂದೇ ಉಳಿದಿತ್ತು. ಆರ್ಡಿತ್ ಗುದ್ದಲಿಯ ಕಾವಿನ ಮೇಲೆ ಎರಡೂ ಕೈ ಊರಿ ನಿಂತಳು.

"ಈ ಸಾಲುಗಳು ಎಲ್ಲಿಂದ ಶುರುವಾಗುತ್ತೆ ನೋಡಿದ್ಯಾ ಲೀಲಂಡ್?"

ಅವನು ಗುದ್ದಲಿಗೆ ಹತ್ತಿದ ಮಣ್ಣು ಕೆರೆದ.

"ನಿನ್ನ ಗೇಟಿಂದ. ಮೊಳಕೆ ಎದ್ದ ದಿನವೇ ನೋಡ್ದೆ ನಾನು."

"ಆರ್ಡಿತ್, ನಾನು..."

"ಸುಮ್ನಿರು. ಹತ್ತು ದಿನ ಕೊಟ್ಟೆ ನಿಂಗೆ. ಇವತ್ತು ಹೇಳ್ತಾನೆ, ನಾಳೆ ಹೇಳ್ತಾನೆ ಅಂತ ದಿನಾ ಕಾದೆ. ಈಗ ನಾನು ಕೇಳಿದ್ದಕ್ಕೆ ಮಾತ್ರ ಹೇಳು. ಯಾಕೆ ಮಾಡ್ದೆ?"

ಲೀಲಂಡ್ ಟೋಪಿ ತೆಗೆದ. ಮತ್ತೆ ಹಾಕಿಕೊಂಡ. "ಮುಳ್ಳು ಬಂದ್ರೆ ನೀನು ಬರ್ತೀಯ ಅಂತ."

ಆರ್ಡಿತ್ ಅವನ ಕಡೆ ತಿರುಗಿದಳು. ಅವಳ ಮುಖದಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಾಗಿತ್ತು.

"ಕ್ಲೆಮ್ ಹೋದ ಮೇಲೆ ನನ್ನ ಹೊಲದಿಂದ ನಿನ್ನ ಬೇಲಿಗೆ ಒಂದು ಮುಳ್ಳೂ ಬಂದಿಲ್ಲ ಕಣೋ. ಕಟಾವು ಆದ ತಕ್ಷಣ ಒಂದು ಗಿಡ ಬಿಡದೆ ಉತ್ತು ಹಾಕ್ತಿದ್ದೆ. ನಿನ್ನ ಬೇಲಿಗೆ ಬೀಳೋದೆಲ್ಲ ನನ್ನ ಹೊಲದ ಆಚೆ ಇರೋ ಹೋಯ್ಟ್ ಅವರ ಪಾಳುಹೊಲದ್ದು. ಅವರು ಪಟ್ಟಣ ಸೇರಿ ಎಷ್ಟು ಕಾಲ ಆಯ್ತು. ಮುಳ್ಳು ಆ ಪಾಳಿಂದ ಎದ್ದು, ನನ್ನ ಹೊಲ ದಾಟಿ, ನಿನ್ನ ತಂತಿಗೆ ಸಿಕ್ಕಿಕೊಳ್ತಿತ್ತು. ನಿನ್ನ ಬೇಲಿ ಪಕ್ಕದ ಆ ದಿಬ್ಬ ಹತ್ತಿ ಒಂದ್ಸಲ ನೋಡಿದ್ರೂ ನಿಂಗೆ ಗೊತ್ತಾಗ್ತಿತ್ತು."

ಅದು ನಿಜ. ದಿಬ್ಬ ಹತ್ತಿ ನೋಡಿದ್ದರೆ ಗೊತ್ತಾಗುತ್ತಿತ್ತು. ಅವಳ ಮುಳ್ಳೇ ಎಂದು ನಂಬಿಕೊಂಡಿರುವುದು ಅವನಿಗೆ ಬೇಕಾಗಿತ್ತು, ಅದಕ್ಕೇ ಹತ್ತಿರಲಿಲ್ಲ.

"ಮತ್ತೆ... ನೀನು ಯಾಕೆ ಬರ್ತಿದ್ದೆ?"

"ಯಾಕೆ ಬರ್ತಿದ್ದೆ!" ಆರ್ಡಿತ್ ಗುದ್ದಲಿಯಿಂದ ನೆಲ ಕುಟ್ಟಿದಳು. "ಬೆಳಿಗ್ಗೆ ನಾಲ್ಕಕ್ಕೆ ಎದ್ದು ಹಿಟ್ಟು ನಾದಿ ಬೀರಾಕ್ ಮಾಡ್ಕೊಂಡು ಯಾಕೆ ಬರ್ತಾರೋ ಯಾರಾದ್ರೂ? ಹುಲ್ಲು ಹಾಕ್ತೀನಿ, ಇನ್ನು ಬರೋ ಕೆಲಸ ಇಲ್ಲ ಅಂದಾಗ ನೀನೇನಂತೀಯ ಅಂತ ನಿನ್ನ ಮುಖಾನೇ ನೋಡ್ತಾ ಕೂತಿದ್ದೆ. ಒಳ್ಳೇದಾಯ್ತು ಅಂದೆ. ಸರಿ, ಇವನಿಗೆ ಬೇಲಿ ಸ್ವಚ್ಛ ಆದ್ರೆ ಸಾಕು, ಅಷ್ಟೇ ಅಂದ್ಕೊಂಡೆ. ಮನೆಗೆ ಹೋಗಿ ಅತ್ತೆ. ಗೊತ್ತಾ ನಿಂಗೆ?"

ಲೀಲಂಡ್‌ಗೆ ಗೊತ್ತಿರಲಿಲ್ಲ. ನಿಂತ ನೆಲ ತೆರೆದು ನುಂಗಿದರೆ ಸಾಕು ಅನಿಸಿತು. ಏನಾದರೂ ಹೇಳಬೇಕೆಂದು ಬಾಯಿ ತೆರೆದ, ಬಂದದ್ದು ಒಂದೇ ಮಾತು. "ತಪ್ಪಾಯ್ತು."

"ನಾನು ಬರೋದು ನಿಂಗೆ ಬೇಕಿತ್ತು. ಅದು ಸಂತೋಷ. ಆದ್ರೆ ನನಗೇನು ಬೇಕಿತ್ತು ಅಂತ ನಿಂಗೆ ಬಾಯಿ ಬಿಟ್ಟು ಹೇಳಿದ್ದೆ. ಈ ಹೊಲ ಒಂದ್ಸಲ ಸುಮ್ನೆ ಮಲಗಿರ್ಲಿ ಅಂತ. ಕೇಳಿಸ್ಕೊಂಡು, ನಾನು ಮನೇಲಿಲ್ಲದ ದಿನ ನೋಡಿ, ಗಾಡಿಗೆ ಮುಳ್ಳು ಕಟ್ಕೊಂಡು ಬಂದ್ಯಲ್ಲ." ಅವಳು ಗುದ್ದಲಿ ಎತ್ತಿ ತೋರಿಸಿದಳು. "ಆ ಕೊನೇ ಸಾಲು ನಿಂದು. ಒಬ್ಬನೇ ಮುಗಿಸಿ ಹೋಗು. ನಾಳೆಯಿಂದ ಬರಬೇಡ."

ಅವಳು ಥರ್ಮಾಸ್ ಎತ್ತಿಕೊಂಡು ಪಿಕಪ್ ಕಡೆಗೆ ನಡೆದಳು. ಲೀಲಂಡ್ ಸಂಜೆವರೆಗೆ ಕೊಚ್ಚಿದ. ಒಂದು ಬೇರೂ ಬಿಡದೆ, ಮಂಡಿಯೂರಿ ಬೆರಳಲ್ಲಿ ಹುಡುಕಿ ಕಿತ್ತ. ಅವನು ಆ ಹೊಲದಲ್ಲಿ ಮಾಡಿದ ಕೆಲಸಗಳಲ್ಲಿ ಅದೊಂದು ಯಾರ ಕಣ್ಣಿಗೂ ಬೀಳಲಿಲ್ಲ.

ಬೇಸಿಗೆಯಲ್ಲಿ ಹುಲ್ಲು ಹಿಡಿಯಿತು. ಸೆಪ್ಟೆಂಬರಿಗೆ ಮೊಣಕಾಲೆತ್ತರ ಬಂತು. ಗೋದಾಮಿನಲ್ಲಿ ಎಂಟು ಸಾಲಿನ ತಮಾಷೆ ಹಳತಾಯಿತು, ಆರ್ಡಿತ್ ಯಾರ ಹೆಸರನ್ನೂ ಹೇಳಲಿಲ್ಲ. ಚರ್ಚಿನಲ್ಲಿ ಎದುರಾದರೆ ಎಲ್ಲರಿಗೆ ಮಾಡುವಷ್ಟೇ ತಲೆಯಾಡಿಸುತ್ತಿದ್ದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

ನವೆಂಬರಿನ ಗಾಳಿ ಒಂದು ಮಂಗಳವಾರ ಶುರುವಾಗಿ ಬುಧವಾರವೂ ಬೀಸಿತು. ಈ ಸಲ ಲೀಲಂಡ್ ದಿಬ್ಬದ ಮೇಲೆ ಹೋಗಿ ನಿಂತು ನೋಡಿದ. ಹೋಯ್ಟ್‌ರ ಪಾಳುಹೊಲದಿಂದ ಮುಳ್ಳುಗಳು ಎದ್ದು, ನೂರಾರು, ಆರ್ಡಿತ್‌ಳ ಹುಲ್ಲಿನ ತುದಿ ಸವರಿಕೊಂಡು ಬಂದು ಅವನ ತಂತಿಗೆ ಬಡಿಯುತ್ತಿದ್ದವು. ಹುಲ್ಲು ಬಾಗಿ ಮತ್ತೆ ಏಳುತ್ತಿತ್ತು, ಮಣ್ಣು ಒಂದು ಚಿಟಿಕೆಯೂ ಏಳಲಿಲ್ಲ. ಗಾಳಿ ನಿಂತ ಮೇಲೆ ಬೇಲಿ ಬಿಡಿಸಲು ಅವನಿಗೆ ಐದು ದಿನ ಬೇಕಾಯಿತು. ರಸ್ತೆಯಲ್ಲಿ ಗಾಡಿಯ ಸದ್ದು ಕೇಳಿದಾಗಲೆಲ್ಲ ತಲೆ ಎತ್ತಿದ. ಆರನೆಯ ದಿನ ಬೆಳಿಗ್ಗೆ ಒಬ್ಬನೇ ಬೆಂಕಿ ಇಟ್ಟು, ಒಬ್ಬನೇ ಆರಿಸಿದ.

ಮಧ್ಯಾಹ್ನ ಮುಖ ತೊಳೆದು ಪಿಕಪ್ ಹತ್ತಿದ. ಏನನ್ನೂ ಎತ್ತಿಕೊಳ್ಳಲಿಲ್ಲ. ಆರ್ಡಿತ್‌ಳ ಮನೆಯ ಮೂರು ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದ. ಅವಳು ತೆರೆದಳು, ಕೈ ಒದ್ದೆಯಾಗಿತ್ತು, ಪಾತ್ರೆ ತೊಳೆಯುತ್ತಿದ್ದಿರಬೇಕು.

"ಏನಾಯ್ತು? ದನ ಏನಾದ್ರೂ ಈ ಕಡೆ ನುಗ್ಗಿತಾ?"

"ಇಲ್ಲ."

"ಬೇಲಿ?"

"ಮುಗೀತು."

"ಮತ್ತೇನು ಬೇಕಿತ್ತು?"

"ಏನೂ ಇಲ್ಲ. ಸುಮ್ನೆ ಬಂದೆ. ನಿನ್ನ ಜೊತೆ ಸ್ವಲ್ಪ ಹೊತ್ತು ಕೂರೋಣ ಅಂತ ಬಂದೆ."

ಆರ್ಡಿತ್ ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು, ಒಣಗಿದ ಮೇಲೂ ಒರೆಸುತ್ತಲೇ ಇದ್ದಳು. ಅವಳ ಕಣ್ಣು ತುಂಬಿಬಂತು.

"ಇಷ್ಟು ಹೇಳೋಕೆ ನನ್ನ ಹೊಲ ಹಾಳು ಮಾಡ್ಬೇಕಾಯ್ತೇನೋ ನಿಂಗೆ?"

ಅವನು ಒಂದು ಮೆಟ್ಟಿಲು ಕೆಳಗಿಳಿದು ನಿಂತ.

"ಇವತ್ತು ಬೇಡ ಲೀಲಂಡ್," ಎಂದಳು.

"ನಾಳೆ?"

"ನಾಳೇನೂ ಬೇಡ. ಹೋಗು."

ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು. ಒಬ್ಬರ ಬಾಗಿಲಿಗೆ ಬಂದು ಸುಮ್ಮನೆ ಬಂದೆ ಎನ್ನುವುದು ಇಷ್ಟು ಸುಲಭ ಎಂದು ಅವನಿಗೆ ಐವತ್ತೊಂಬತ್ತನೆಯ ವರ್ಷದಲ್ಲಿ ಗೊತ್ತಾಯಿತು. ಮೆಟ್ಟಿಲಿಳಿದು, ಪಿಕಪ್ ಹತ್ತಿ, ರಸ್ತೆ ಹಿಡಿದು ಮನೆಗೆ ಹೋದ.